ಒಗರಿನ ಎರಡು ಮುಖ: ಆಂಟಿ ಆಕ್ಸಿಡೆಂಟ್ ಕಾಯುವುದೆಲ್ಲಿ, ಕೈಕೊಡುವುದೆಲ್ಲಿ?

ಶಿಕಾರಿಪುರ/ಸೊರಬ: ಮಲೆನಾಡಿನ ಅಂಚಿನ ಈ ಎರಡು ತಾಲ್ಲೂಕುಗಳಲ್ಲಿ ಬಾಳೆದಿಂಡು ಹೆಚ್ಚಲು ಕೂರುವ ಗೃಹಿಣಿಯರು ಮೊದಲು ಒಂದು ಪಾತ್ರೆಯಲ್ಲಿ ಮಜ್ಜಿಗೆ ನೀರು ಇಟ್ಟುಕೊಳ್ಳುತ್ತಾರೆ. ಹೆಚ್ಚಿದ ಹೋಳು ಗಾಳಿಗೆ ತೆರೆದುಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ. ಮಜ್ಜಿಗೆಯಲ್ಲಿ ಮುಳುಗಿದರೆ ಬೆಳ್ಳಗೆ ಉಳಿಯುತ್ತದೆ. ಅಡಿಕೆ ಕೊಯ್ಲಿನ ಹಂಗಾಮಿನಲ್ಲಿ ಅದೇ ಮನೆಯ ಅಂಗಳದಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಕೆಲಸ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ, ಚೊಗರು ಕೂಡಿಸಿ, ಬಿಸಿಲಿಗೆ ಹರವುತ್ತಾರೆ. ದಿನ ಕಳೆದಂತೆ ಅಡಿಕೆ ಕೆಂಪೇರುತ್ತದೆ, ಮಾರುಕಟ್ಟೆಯಲ್ಲಿ ಆ ಬಣ್ಣಕ್ಕೇ ಬೆಲೆ. ಒಂದು ಕಡೆ ಬಣ್ಣ ಬದಲಾಗಬಾರದೆಂಬ ಎಚ್ಚರ, ಇನ್ನೊಂದು ಕಡೆ ಬದಲಾಗಲೇಬೇಕೆಂಬ ಶ್ರಮ. ಎರಡರಲ್ಲೂ ಪಾತ್ರ ವಹಿಸುವುದು ಒಂದೇ ರಾಸಾಯನಿಕ ಕ್ರಿಯೆ. ಅದರ ಹೆಸರು ಉತ್ಕರ್ಷಣ.

ಗಾಳಿಯಲ್ಲಿನ ಆಮ್ಲಜನಕ ಒಂದು ವಸ್ತುವಿನ ಮೇಲೆ ವರ್ತಿಸಿ ಅದರ ಗುಣವನ್ನೇ ಬದಲಿಸುವ ಈ ಕ್ರಿಯೆ ಮನುಷ್ಯನ ದೇಹದಲ್ಲೂ ಕೊಟ್ಟಿಗೆಯ ಹಸುವಿನ ದೇಹದಲ್ಲೂ ಕ್ಷಣಕ್ಷಣವೂ ನಡೆಯುತ್ತಿರುತ್ತದೆ. ಅದು ಮಿತಿ ಮೀರದಂತೆ ತಡೆಯುವ ವಸ್ತುಗಳೇ ಆಂಟಿ ಆಕ್ಸಿಡೆಂಟ್‌ಗಳು, ಅಂದರೆ ಉತ್ಕರ್ಷಣ ನಿರೋಧಕಗಳು. ಇಂದು ನಗರದ ಔಷಧಿ ಅಂಗಡಿ ಹಾಗೂ ಸೂಪರ್ ಮಾರ್ಕೆಟ್‌ಗಳಲ್ಲಿ ಈ ಪದ ಇಲ್ಲದ ಕಪಾಟು ಸಿಗುವುದು ಕಷ್ಟ. ಚಹಾ ಪೊಟ್ಟಣ, ಹಣ್ಣಿನ ರಸದ ಡಬ್ಬಿ, ಮುಖಕ್ಕೆ ಹಚ್ಚುವ ಕ್ರೀಮು, ವಿಟಮಿನ್ ಮಾತ್ರೆ ಎಲ್ಲದರ ಮೇಲೂ ಅದೇ ಮುದ್ರೆ. ಅಡಿಕೆಯ ಪರವಾಗಿ ವಾದಿಸುವಾಗಲೂ ಇದೇ ಪದ ಕೇಳಿಬರುತ್ತದೆ. ಹಾಗಾದರೆ ಈ ವಸ್ತುಗಳು ನಿಜಕ್ಕೂ ಮಾಡುವುದೇನು? ಹೆಚ್ಚು ಸೇವಿಸಿದಷ್ಟೂ ಹೆಚ್ಚು ಲಾಭವೆ? ಭತ್ತ, ಮೆಕ್ಕೆಜೋಳ, ಶುಂಠಿ, ಅನಾನಸ್, ಅಡಿಕೆ ಮತ್ತು ಹೈನುಗಾರಿಕೆಯ ಈ ಸೀಮೆಯಲ್ಲೇ ಇದಕ್ಕೆ ಉತ್ತರ ಹುಡುಕಲು ಬೇಕಾದಷ್ಟು ಸಾಮಗ್ರಿ ಇದೆ.

ಕಮಟಿದ ಎಣ್ಣೆ, ಕಮಟುವ ಜೀವಕೋಶ

ನಾವು ಉಂಡ ಅನ್ನ ಶಕ್ತಿಯಾಗುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಸೂಕ್ಷ್ಮ ಒಲೆಗಳಲ್ಲಿ. ಅಲ್ಲಿ ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಆದರೆ ಒಲೆ ಎಂದಮೇಲೆ ಕಿಡಿ ಹಾರದೆ ಇರದು. ಒಂದು ಸಣ್ಣ ಪಾಲು ಎಲೆಕ್ಟ್ರಾನ್‌ಗಳು ದಾರಿ ತಪ್ಪಿ ಆಮ್ಲಜನಕಕ್ಕೆ ಅಂಟಿಕೊಂಡಾಗ ಸೂಪರ್ ಆಕ್ಸೈಡ್ ಎಂಬ ಚಂಚಲ ಕಣ ಹುಟ್ಟುತ್ತದೆ. ಇಂಥವುಗಳನ್ನು ಫ್ರೀ ರಾಡಿಕಲ್ ಎನ್ನುತ್ತಾರೆ. ಒಂಟಿ ಎಲೆಕ್ಟ್ರಾನ್ ಹೊತ್ತ ಈ ಕಣಗಳಿಗೆ ಜೋಡಿ ಬೇಕು. ಅದನ್ನು ಪಕ್ಕದ ಅಣುವಿನಿಂದ ಕಿತ್ತುಕೊಳ್ಳುತ್ತವೆ. ಕಳೆದುಕೊಂಡ ಅಣು ತನ್ನ ಪಕ್ಕದ್ದರಿಂದ ಕೀಳುತ್ತದೆ. ಹೀಗೆ ಸರಣಿ ಮುಂದುವರಿಯುತ್ತದೆ.

ಇದರ ಪರಿಣಾಮ ಎಂಥದೆಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಬಹಳ ದಿನ ತೆರೆದಿಟ್ಟ ಎಣ್ಣೆ ಕಮಟು ವಾಸನೆ ಬರುತ್ತದಲ್ಲವೆ? ಕೊಬ್ಬು ಉತ್ಕರ್ಷಣಗೊಂಡು ಕೆಡುವುದರ ಗುರುತು ಅದು. ನಮ್ಮ ಪ್ರತಿ ಜೀವಕೋಶದ ಹೊರಪೊರೆ ಬಹುಪಾಲು ಕೊಬ್ಬಿನಿಂದಲೇ ಆಗಿದೆ. ಫ್ರೀ ರಾಡಿಕಲ್‌ಗಳ ದಾಳಿಗೆ ಸಿಕ್ಕಿದ ಪೊರೆಯಲ್ಲಿ ನಡೆಯುವುದೂ ಇದೇ ಬಗೆಯ ಕ್ರಿಯೆ. ದಾಳಿ ಪೊರೆಗೆ ನಿಲ್ಲದೆ ಪ್ರೋಟೀನು, ವಂಶವಾಹಿಯ ಡಿಎನ್ಎವರೆಗೂ ಹಬ್ಬಬಲ್ಲದು.

ಹಾಗೆಂದು ಈ ಕಣಗಳೆಲ್ಲ ಶತ್ರುಗಳೆಂದು ತಿಳಿಯುವುದು ತಪ್ಪು. ಗಾಯಕ್ಕೆ ನುಗ್ಗಿದ ಬ್ಯಾಕ್ಟೀರಿಯಾಗಳನ್ನು ನುಂಗುವ ಬಿಳಿ ರಕ್ತಕಣಗಳು ಅವುಗಳನ್ನು ಕೊಲ್ಲಲು ಬಳಸುವ ಅಸ್ತ್ರಗಳಲ್ಲಿ ಇದೇ ಸೂಪರ್ ಆಕ್ಸೈಡ್ ಮುಖ್ಯವಾದದ್ದು. ಹುಟ್ಟಿನಿಂದಲೇ ಈ ಅಸ್ತ್ರ ತಯಾರಿಸಲಾಗದ ಮಕ್ಕಳನ್ನು ಪದೇ ಪದೇ ತೀವ್ರ ಸೋಂಕುಗಳು ಕಾಡುತ್ತವೆ. ಅಂದರೆ ಬೆಂಕಿಯೂ ಬೇಕು, ಅದನ್ನು ಒಲೆಯೊಳಗೇ ಇಡುವ ವ್ಯವಸ್ಥೆಯೂ ಬೇಕು. ಉತ್ಪಾದನೆ ಮತ್ತು ತಡೆ ಇವೆರಡರ ನಡುವಿನ ತಕ್ಕಡಿ ಉತ್ಕರ್ಷಣದ ಕಡೆಗೆ ವಾಲಿ ಹಾನಿಯುಂಟಾಗುವ ಸ್ಥಿತಿಯನ್ನು ಆಕ್ಸಿಡೇಟಿವ್ ಸ್ಟ್ರೆಸ್ ಅಥವಾ ಉತ್ಕರ್ಷಣ ಒತ್ತಡ ಎನ್ನಲಾಗುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಸೀಸ್ 1985ರಲ್ಲಿ ಈ ಪರಿಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟರು. ಧೂಮಪಾನ, ವಾಹನದ ಹೊಗೆ, ದೀರ್ಘಕಾಲದ ಮಧುಮೇಹ, ಕೆಲವು ಕೀಟನಾಶಕಗಳು, ತೀವ್ರ ಸೋಂಕು, ದನಕರುಗಳಲ್ಲಿ ಕರು ಹಾಕುವ ಸಮಯದ ಆಯಾಸ ಮತ್ತು ಬೇಸಿಗೆಯ ಧಗೆ ಇವೆಲ್ಲ ತಕ್ಕಡಿಯನ್ನು ವಾಲಿಸುವ ಭಾರಗಳು.

ದೇಹದ ಸ್ವಂತ ಕಾವಲು

ಈ ದಾಳಿಯ ಎದುರು ದೇಹ ಮೂರು ಸುತ್ತಿನ ಕೋಟೆ ಕಟ್ಟಿಕೊಂಡಿದೆ. ಮೊದಲ ಸುತ್ತಿನಲ್ಲಿರುವುದು ದೇಹವೇ ತಯಾರಿಸುವ ಕಿಣ್ವಗಳು. ಸೂಪರ್ ಆಕ್ಸೈಡನ್ನು ಹಿಡಿದು ಅಷ್ಟೇನೂ ಉಗ್ರವಲ್ಲದ ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡಿಸುವ ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವದ ಕೆಲಸವನ್ನು ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ 1969ರಲ್ಲಿ ತೋರಿಸಿಕೊಟ್ಟರು. ಹೀಗೆ ಹುಟ್ಟಿದ ಪೆರಾಕ್ಸೈಡನ್ನು ನೀರಾಗಿಸುವುದು ಕೆಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಇನ್ನೆರಡು ಕಿಣ್ವಗಳು. ಗಾಯ ತೊಳೆಯಲು ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ಬಿಳಿ ನೊರೆ ಉಕ್ಕುವುದನ್ನು ಹಲವರು ನೋಡಿರಬಹುದು. ಅದು ನಮ್ಮ ರಕ್ತದ ಕೆಟಲೇಸ್ ಕೆಲಸ ಮಾಡುತ್ತಿರುವ ದೃಶ್ಯ.

ಈ ಕಿಣ್ವಗಳು ಬರಿಗೈಯಲ್ಲಿ ದುಡಿಯುವುದಿಲ್ಲ. ಒಂದಕ್ಕೆ ತಾಮ್ರ, ಸತು, ಮ್ಯಾಂಗನೀಸ್ ಬೇಕು; ಇನ್ನೊಂದಕ್ಕೆ ಕಬ್ಬಿಣ; ಮತ್ತೊಂದಕ್ಕೆ ಸೆಲೆನಿಯಂ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಮಂಗನ ಕಾಯಿಲೆಯ ಮೂಲಕ ಜಗತ್ತಿಗೆ ತಿಳಿದದ್ದು 1957ರಲ್ಲಿ. ಅಲ್ಲಿಯವರೆಗೆ ಕೇವಲ ವಿಷವೆಂದು ಹೆಸರಾಗಿದ್ದ ಸೆಲೆನಿಯಂ ಪ್ರಾಣಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಅವಶ್ಯಕವೆಂದು ಅಮೆರಿಕದಲ್ಲಿ ಗೊತ್ತಾದದ್ದೂ ಅದೇ ವರ್ಷ.

ಎರಡನೆಯ ಸುತ್ತು ಆಹಾರದಿಂದ ಬರುವ ಜೀವಸತ್ವಗಳದ್ದು. ಕೊಬ್ಬಿನಲ್ಲಿ ಕರಗುವ ಇ ಜೀವಸತ್ವ ಜೀವಕೋಶದ ಪೊರೆಯೊಳಗೇ ಕುಳಿತು, ಕಮಟುವ ಸರಣಿಯನ್ನು ನಡುವೆ ತುಂಡರಿಸುತ್ತದೆ. ಹಾಗೆ ಮಾಡುವಾಗ ತಾನೇ ಬಲಹೀನವಾಗುತ್ತದೆ. ನೀರಿನಲ್ಲಿ ಕರಗುವ ಸಿ ಜೀವಸತ್ವ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಮತ್ತೆ ನಿಲ್ಲಿಸುತ್ತದೆ. ಮೂರನೆಯ ಸುತ್ತು ಹಣ್ಣು, ಸೊಪ್ಪು, ಸಾಂಬಾರ ಪದಾರ್ಥಗಳ ಬಣ್ಣ ಮತ್ತು ರುಚಿಗೆ ಕಾರಣವಾದ ಕೆರೋಟಿನ್, ಪಾಲಿಫೀನಾಲ್ ಮೊದಲಾದ ವಸ್ತುಗಳದ್ದು. ನೆಲ್ಲಿಕಾಯಿ, ಚಹಾ, ನೇರಳೆ, ಎಳೆ ಬಾಳೆಕಾಯಿ ಇವುಗಳನ್ನು ಕಚ್ಚಿದಾಗ ನಾಲಿಗೆ ಬಿಗಿಯುವ ಒಗರು ಬಹುಮಟ್ಟಿಗೆ ಪಾಲಿಫೀನಾಲ್‌ಗಳ ಗುಂಪಿಗೆ ಸೇರಿದ ಟ್ಯಾನಿನ್‌ಗಳಿಂದಲೇ ಬರುವಂಥದು. ಈ ಒಗರನ್ನು ಓದುಗರು ನೆನಪಿನಲ್ಲಿಡಬೇಕು. ಅಡಿಕೆಯ ವಿಚಾರಕ್ಕೆ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಕೋಟೆ ಮುರಿದಾಗ

ಈ ಕಾವಲು ಎಷ್ಟು ಅಮೂಲ್ಯವೆಂಬುದು ಅದು ಸಂಪೂರ್ಣ ಸೋತಾಗ ತಿಳಿಯುತ್ತದೆ. ಕಳೆನಾಶಕವಾಗಿ ಬಳಕೆಗೆ ಬಂದ ಪ್ಯಾರಾಕ್ವಾಟ್ ಅದಕ್ಕೆ ಉದಾಹರಣೆ. ಸಸ್ಯದ ಎಲೆಯಲ್ಲಿ ದ್ಯುತಿಸಂಶ್ಲೇಷಣೆಗೆ ಹರಿಯುವ ಎಲೆಕ್ಟ್ರಾನ್‌ಗಳನ್ನು ಇದು ಕದ್ದು ಆಮ್ಲಜನಕಕ್ಕೆ ದಾಟಿಸುತ್ತದೆ. ಸೂಪರ್ ಆಕ್ಸೈಡ್ ಪ್ರವಾಹದಂತೆ ಹುಟ್ಟಿ ಕಳೆ ಸುಟ್ಟುಹೋಗುತ್ತದೆ. ಒಮ್ಮೆ ಎಲೆಕ್ಟ್ರಾನ್ ದಾಟಿಸಿದ ಕಣ ಮತ್ತೆ ಮೊದಲಿನಂತಾಗಿ ಇನ್ನೊಂದನ್ನು ಕದಿಯಲು ಸಿದ್ಧವಾಗುವುದರಿಂದ ಈ ಚಕ್ರ ನಿಲ್ಲುವುದಿಲ್ಲ. ಮನುಷ್ಯನ ಹೊಟ್ಟೆ ಸೇರಿದರೆ ಇದೇ ಚಕ್ರ ಶ್ವಾಸಕೋಶದಲ್ಲಿ ನಡೆಯುತ್ತದೆ. ಉಸಿರು ಕಟ್ಟಿದ ರೋಗಿಗೆ ಸಾಮಾನ್ಯವಾಗಿ ಕೊಡುವ ಆಮ್ಲಜನಕ ಇಲ್ಲಿ ಬೆಂಕಿಗೆ ತುಪ್ಪ ಸುರಿದಂತಾಗಬಹುದಾದ್ದರಿಂದ ವೈದ್ಯರು ಅದನ್ನು ಕೊಡುವಾಗಲೂ ಅಳೆದು ಸುರಿಯಬೇಕಾಗುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಸಿ ಮತ್ತು ಇ ಜೀವಸತ್ವ ಕೊಟ್ಟು ನೋಡಿದ ಪ್ರಯತ್ನಗಳೂ ಖಚಿತ ಫಲ ನೀಡಿಲ್ಲ. ನೆರೆಯ ಕೇರಳ 2011ರಲ್ಲಿ ನಿಷೇಧಿಸಿದ ಕೃಷಿ ವಿಷಗಳ ಪಟ್ಟಿಯಲ್ಲಿ ಇದೂ ಇತ್ತು. ಯಾವುದೇ ಕಳೆನಾಶಕ ಸಿಂಪಡಿಸುವ ಕೂಲಿಕಾರರಿಗೆ ಕೈಗವಸು, ಮುಖಗವಸು ಕೊಡುವುದು, ಉಳಿದ ದ್ರಾವಣವನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡದಿರುವುದು ಯಾವ ಆಂಟಿ ಆಕ್ಸಿಡೆಂಟ್‌ಗಿಂತಲೂ ದೊಡ್ಡ ರಕ್ಷಣೆ.

ಕೊಟ್ಟಿಗೆಯಲ್ಲಿ ಕಾಣುವ ಕೊರತೆ

ಆಂಟಿ ಆಕ್ಸಿಡೆಂಟ್ ಕೊರತೆ ಎಂಬುದು ಮನುಷ್ಯರಿಗಿಂತ ಸ್ಪಷ್ಟವಾಗಿ ಕಣ್ಣಿಗೆ ಬೀಳುವುದು ಕೊಟ್ಟಿಗೆಯಲ್ಲಿ. ಭತ್ತದ ಒಕ್ಕಣೆ ಮುಗಿದ ಮೇಲೆ ಈ ಭಾಗದ ಮನೆಗಳ ಮುಂದೆ ಹುಲ್ಲಿನ ಬಣವೆ ಏಳುತ್ತದೆ. ಮಳೆಗಾಲದಲ್ಲಿ ಗದ್ದೆ ಬದುವಿನ ಹಸಿರು ಹುಲ್ಲು ಮೇಯ್ದ ದನಗಳಿಗೆ ಬೇಸಿಗೆಯುದ್ದಕ್ಕೂ ಆ ಬಣವೆಯೇ ಆಧಾರ. ಹಸಿರು ಹುಲ್ಲಿನಲ್ಲಿ ಇ ಜೀವಸತ್ವವೂ ಬೀಟಾ ಕೆರೋಟಿನ್ನೂ ಸಮೃದ್ಧವಾಗಿರುತ್ತವೆ. ಬಿಸಿಲಿಗೆ ಒಣಗಿ, ತಿಂಗಳುಗಟ್ಟಲೆ ಬಣವೆಯಲ್ಲಿ ಕುಳಿತ ಭತ್ತದ ಹುಲ್ಲಿನಲ್ಲಿ ಅವು ಹೆಸರಿಗಷ್ಟೇ ಉಳಿದಿರುತ್ತವೆ. ಹಸು ಹೊಟ್ಟೆ ತುಂಬ ತಿಂದಿದ್ದರೂ ಅದರ ಕೋಟೆಯ ಎರಡನೆಯ ಸುತ್ತು ಬರಿದಾಗುತ್ತಾ ಹೋಗುತ್ತದೆ.

ಇದರ ಪರಿಣಾಮ ತಲೆದೋರುವುದು ಕರು ಹಾಕುವ ಸಮಯದಲ್ಲಿ. ಆ ದಿನಗಳಲ್ಲಿ ಹಸುವಿನ ರಕ್ತದಲ್ಲಿ ಇ ಜೀವಸತ್ವದ ಮಟ್ಟ ಸಹಜವಾಗಿಯೇ ಕುಸಿಯುತ್ತದೆ. ಅದೇ ವೇಳೆಗೆ ಹೆರಿಗೆಯ ಶ್ರಮ ಹಾಗೂ ಹಾಲು ಉತ್ಪಾದನೆಯ ಹೊರೆಯಿಂದ ಉತ್ಕರ್ಷಣ ಒತ್ತಡ ಏರುತ್ತದೆ. ಕರು ಹಾಕಿದ ಸುಮಾರು ಹನ್ನೆರಡು ಗಂಟೆಯೊಳಗೆ ಮಾಸು ತಾನಾಗಿ ಬೀಳಬೇಕು. ಅದನ್ನು ಗರ್ಭಕೋಶದಿಂದ ಬಿಡಿಸುವ ಕೆಲಸದಲ್ಲಿ ಬಿಳಿ ರಕ್ತಕಣಗಳಿಗೆ ದೊಡ್ಡ ಪಾತ್ರವಿದೆ. ಆ ಕಣಗಳ ಕಾರ್ಯಕ್ಷಮತೆಗೆ ಇ ಜೀವಸತ್ವ ಮತ್ತು ಸೆಲೆನಿಯಂ ಬೇಕು. ಇವು ಕೊರತೆಯಾದಾಗ ಮಾಸು ಬೀಳದೆ ಉಳಿದು ಕೊಳೆಯುವ, ಗರ್ಭಕೋಶಕ್ಕೆ ಸೋಂಕು ತಗಲುವ, ಹಸು ಮತ್ತೆ ಗಬ್ಬ ನಿಲ್ಲುವುದು ತಡವಾಗುವ ಸಾಧ್ಯತೆ ಹೆಚ್ಚುತ್ತದೆ. ಕೆಚ್ಚಲು ಬಾವಿನ ಎದುರಿನ ಹೋರಾಟವೂ ಇದೇ ಕಣಗಳದ್ದು. ಅಮೆರಿಕದ ಓಹಿಯೊದಲ್ಲಿ 1970 ಮತ್ತು 80ರ ದಶಕಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಕೊರತೆಯಿದ್ದ ಹಸುಗಳಿಗೆ ಈ ಎರಡು ಪೋಷಕಾಂಶ ಒದಗಿಸಿದಾಗ ಮಾಸು ಉಳಿಯುವ ಪ್ರಕರಣಗಳೂ ಕೆಚ್ಚಲು ಬಾವೂ ಕಡಿಮೆಯಾದವು. ಅಂದಿನಿಂದ ಹೈನು ರಾಸುಗಳ ಆಹಾರದಲ್ಲಿ ಇವೆರಡಕ್ಕೂ ಸ್ಥಾನ ದೊರೆತಿದೆ.

ಆದರೆ ಈ ಕಥೆಗೆ ಇನ್ನೊಂದು ಭಾಗವಿದೆ. ನೆದರ್‌ಲೆಂಡ್ಸ್‌ನಲ್ಲಿ ಹಾಲು ಬತ್ತಿಸಿದ ಹಸುಗಳಿಗೆ ಹೆಚ್ಚಿನ ಪ್ರಮಾಣದ ಇ ಜೀವಸತ್ವ ಕೊಟ್ಟು ನಡೆಸಿದ ಕ್ಷೇತ್ರ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಕೆಚ್ಚಲು ಬಾವು ಇಳಿಯುವ ಬದಲು ಏರಿತ್ತು. ಸೆಲೆನಿಯಂ ವಿಷಯದಲ್ಲಂತೂ ಕೊರತೆ ಮತ್ತು ವಿಷದ ನಡುವಿನ ಅಂತರ ಬಹಳ ಕಿರಿದು. ಚೀನಾದ ಕೆಲವು ಪ್ರದೇಶಗಳಲ್ಲಿ ಮಣ್ಣಿನಲ್ಲಿ ಸೆಲೆನಿಯಂ ಇಲ್ಲದೆ ಮಕ್ಕಳಿಗೂ ಹೆಂಗಸರಿಗೂ ಕೆಶಾನ್ ಎಂಬ ಹೃದಯರೋಗ ಬಂದರೆ, ಪಂಜಾಬಿನ ಹೋಶಿಯಾರ್‌ಪುರ ಮತ್ತು ನವಾಂಶಹರ ಭಾಗದ ಕೆಲವು ಹಳ್ಳಿಗಳಲ್ಲಿ ಅದು ಮಣ್ಣಿನಲ್ಲಿ ಅತಿಯಾಗಿ, ಅಲ್ಲಿ ಬೆಳೆದ ಮೇವು ತಿಂದ ದನ-ಎಮ್ಮೆಗಳ ಗೊರಸು ಬಿರಿದು ಕಳಚಿದ್ದುಂಟು. ಹೀಗಾಗಿ ನೆರೆಯವರು ಹೇಳಿದರೆಂದು ಸೆಲೆನಿಯಂ ಚುಚ್ಚುಮದ್ದು ಹಾಕಿಸುವುದು ಸಲ್ಲದು. ಅಗತ್ಯವಿದೆಯೆ, ಇದ್ದರೆ ಎಷ್ಟು ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು.

ಬಡ ರೈತನ ಕೈಗೆಟಕುವ ಪರಿಹಾರ ಬೇರೆಯೇ ಇದೆ. ಬಚ್ಚಲ ನೀರು ಹರಿಯುವ ಕಡೆ, ತೋಟದ ಅಂಚಿನಲ್ಲಿ ಒಂದೆರಡು ಸಾಲು ನೇಪಿಯರ್ ಹುಲ್ಲು ಬೆಳೆದು ಬೇಸಿಗೆಯಲ್ಲೂ ದಿನಕ್ಕೊಂದು ಹೊರೆ ಹಸಿರು ಒದಗಿಸುವುದು. ಮೆಕ್ಕೆಜೋಳ ಹಸಿಯಿರುವಾಗಲೇ ಕತ್ತರಿಸಿ ಗಾಳಿಯಾಡದಂತೆ ತುಳಿದು ರಸಮೇವು ಮಾಡಿಕೊಳ್ಳುವುದು. ಪಶು ಆಸ್ಪತ್ರೆ ಅಥವಾ ಹಾಲಿನ ಸಂಘದಲ್ಲಿ ಕೇಳಿ ಖನಿಜ ಮಿಶ್ರಣ ಕೊಡುವುದು. ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲಿಲ್ಲವೆಂಬ ಕಾರಣಕ್ಕೆ ಹಸುವನ್ನು ಒಣಹುಲ್ಲಿಗೆ ಬಿಡುವ ರೂಢಿಯೇ ಮೊದಲು ತಪ್ಪಬೇಕು. ಮಾಸು ಬೀಳದಿದ್ದರೆ ಅದನ್ನು ಎಳೆಯುವುದಾಗಲಿ, ಅದಕ್ಕೆ ಕಲ್ಲು ಕಟ್ಟುವುದಾಗಲಿ ಕೂಡದು; ಪಶುವೈದ್ಯರನ್ನು ಕರೆಸಬೇಕು. ಗುಡ್ಡ ಬೆಟ್ಟದಲ್ಲಿ ಮೇಯುವ, ಅಲ್ಪ ಹಾಲಿನ ಮಲೆನಾಡು ಗಿಡ್ಡ ತಳಿಗಿಂತ ಹೆಚ್ಚು ಹಾಲು ಕೊಡುವ ಮಿಶ್ರತಳಿ ರಾಸುಗಳಿಗೆ ಈ ಎಚ್ಚರ ಹೆಚ್ಚು ಅಗತ್ಯ. ಹಾಲು ಹೆಚ್ಚಿದಷ್ಟೂ ಒಲೆ ಜೋರಾಗಿ ಉರಿಯುತ್ತದೆ, ಕಿಡಿಯೂ ಹೆಚ್ಚು ಹಾರುತ್ತದೆ.

ಅಡಿಕೆಯ ಒಗಟು

ಈಗ ಒಗರಿನ ವಿಚಾರಕ್ಕೆ ಮರಳೋಣ. ಅಡಿಕೆಯ ಒಗರಿಗೆ ಕಾರಣವಾದ ಟ್ಯಾನಿನ್, ಕೆಟೆಚಿನ್ ಮೊದಲಾದವು ಪಾಲಿಫೀನಾಲ್ ಕುಟುಂಬಕ್ಕೆ ಸೇರಿದವು. ಎಳೆಯ ಕಾಯಲ್ಲಿ ಹೆಚ್ಚು, ಹಣ್ಣಾದಂತೆ ಕಡಿಮೆ. ಹಸಿ ಕಾಯಿ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾದ ಚೊಗರು ಎಂದರೆ ಈ ವಸ್ತುಗಳ ಸಾರವೇ ಸರಿ. ಪ್ರಯೋಗಾಲಯದ ನಳಿಕೆಯಲ್ಲಿ ಪರೀಕ್ಷಿಸಿದರೆ ಅಡಿಕೆಯ ಸಾರ ಫ್ರೀ ರಾಡಿಕಲ್‌ಗಳನ್ನು ಹಿಡಿದುಹಾಕುತ್ತದೆ. ಹಸಿರು ಚಹಾದ ಹೆಗ್ಗಳಿಕೆಗೆ ಕಾರಣವಾದ ಕೆಟೆಚಿನ್ ಇಲ್ಲೂ ಇದೆ. ಹಾಗಾಗಿ ಅಡಿಕೆಯಲ್ಲಿ ಆಂಟಿ ಆಕ್ಸಿಡೆಂಟ್ ಇದೆ ಎಂಬ ಮಾತು ಸುಳ್ಳಲ್ಲ.

ಆದರೆ ನಳಿಕೆ ಬೇರೆ, ಬಾಯಿ ಬೇರೆ. ಎಲೆ ಅಡಿಕೆಗೆ ಸುಣ್ಣ ಸೇರುತ್ತದೆ. ಸುಣ್ಣ ಎಂದರೆ ತೀಕ್ಷ್ಣ ಕ್ಷಾರ. ಕ್ಷಾರದ ಸಹವಾಸದಲ್ಲಿ ಪಾಲಿಫೀನಾಲ್‌ಗಳ ಸ್ವಭಾವ ತಿರುಗಿ ಬೀಳುತ್ತದೆ. ಅವು ತಮ್ಮ ಎಲೆಕ್ಟ್ರಾನ್‌ಗಳನ್ನು ನೇರವಾಗಿ ಆಮ್ಲಜನಕಕ್ಕೆ ಒಪ್ಪಿಸಿ ಸೂಪರ್ ಆಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಅಡಿಕೆಯಲ್ಲಿರುವ ತಾಮ್ರ, ಜೊಲ್ಲಿನಲ್ಲಿರುವ ಕಬ್ಬಿಣದ ನೆರವಿನಿಂದ ಇವು ಹೈಡ್ರಾಕ್ಸಿಲ್ ಎಂಬ ಅತ್ಯುಗ್ರ ಕಣವಾಗಬಲ್ಲವು. ತಾಂಬೂಲದ ಬಾಯಿ ಕೆಂಪಾಗುವುದೂ ಸುಣ್ಣ ತಗಲಿದ ಪಾಲಿಫೀನಾಲ್‌ಗಳ ಈ ಬದಲಾವಣೆಯಿಂದಲೇ. ಸುಣ್ಣ ಬೆರೆತ ಅಡಿಕೆ ಸಾರದಿಂದ ಇಂಥ ಕಣಗಳು ಹುಟ್ಟುವುದನ್ನು 1980ರ ದಶಕದಿಂದಲೇ ವಿಜ್ಞಾನಿಗಳು ಪ್ರಯೋಗಗಳಲ್ಲಿ ತೋರಿಸುತ್ತಾ ಬಂದಿದ್ದಾರೆ. ಕಾಯಬೇಕಾದ ಒಗರೇ ಇಲ್ಲಿ ದಾಳಿಗೆ ಇಳಿಯುತ್ತದೆ.

ಊಟವಾದ ಮೇಲೆ ಎಂದಾದರೊಮ್ಮೆ ಹಾಕುವ ಒಂದು ಕವಳಕ್ಕೂ, ಗುಟ್ಕಾ ಇಲ್ಲವೆ ಪಾನ್ ಮಸಾಲವನ್ನು ದವಡೆಯಲ್ಲಿ ಗಂಟೆಗಟ್ಟಲೆ ಒತ್ತರಿಸಿಡುವುದಕ್ಕೂ ವ್ಯತ್ಯಾಸವಿದೆ. ಬಾಯಿಯ ಒಳಪೊರೆ ಈ ಕಣಗಳಿಗೆ ಎಷ್ಟು ಹೊತ್ತು, ಎಷ್ಟು ವರ್ಷ ಒಡ್ಡಿಕೊಳ್ಳುತ್ತದೆಯೋ ಅಪಾಯ ಅಷ್ಟು ಏರುತ್ತದೆ. ಅಡಿಕೆಯ ಇತರ ಅಂಶಗಳೂ ಸೇರಿ ಒಳಪೊರೆಯಲ್ಲಿ ನಾರುಗಟ್ಟಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದ ಸ್ಥಿತಿ ಬರುವುದುಂಟು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗ ಕ್ಯಾನ್ಸರ್‌ಗೆ ತಿರುಗಬಲ್ಲದು. ಅದರ ಚಿಕಿತ್ಸೆಯಲ್ಲಿ ದಂತವೈದ್ಯರು ಟೊಮೆಟೊದ ಕೆಂಪಿಗೆ ಕಾರಣವಾದ ಲೈಕೋಪೀನ್ ಎಂಬ ಆಂಟಿ ಆಕ್ಸಿಡೆಂಟನ್ನು ಬಳಸುವುದುಂಟು. ಆದರೆ ಅಗಿಯುವುದನ್ನು ನಿಲ್ಲಿಸದೆ ಯಾವ ಔಷಧವೂ ನಾಟದು.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಬೆರೆಸದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ತಂಬಾಕಿನ ದೋಷವನ್ನು ಅಡಿಕೆಯ ತಲೆಗೆ ಕಟ್ಟಲಾಗಿದೆ ಎಂಬುದು ಬೆಳೆಗಾರರ ಬಹುಕಾಲದ ಆಕ್ಷೇಪ. ತಂಬಾಕು ಸೇರಿದಾಗ ಅಪಾಯ ಇನ್ನಷ್ಟು ಹೆಚ್ಚುವುದೂ ನಿಜ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದಾಗ ಮಲೆನಾಡಿನಲ್ಲಿ ಎದ್ದ ಆತಂಕಕ್ಕೆ ಕಾರಣವಿತ್ತು. ರಾಶಿ, ಬೆಟ್ಟೆ, ಸರಕಿನ ದರದ ಮೇಲೆ ಇಲ್ಲಿನ ಎಷ್ಟೋ ಮನೆಗಳ ಮದುವೆ, ಮಕ್ಕಳ ಓದು, ಸಾಲದ ಕಂತು ನಿಂತಿವೆ. ಆದರೆ ಆ ಬದುಕಿನ ಪರವಾಗಿ ಮಾತನಾಡಲು ಆಂಟಿ ಆಕ್ಸಿಡೆಂಟ್ ವಾದ ಆಸರೆಯಾಗದು. ಸುಣ್ಣ ಸೇರಿದ ಕೂಡಲೇ ಅದು ತಲೆಕೆಳಗಾಗುತ್ತದೆ. ಅಡಿಕೆಯ ಒಗರಿಗೆ ಬಾಯಿಯ ಹೊರಗೂ ಬೆಲೆ ಹುಡುಕುವುದು ಇನ್ನೊಂದು ದಾರಿ. ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಸಂಸ್ಥೆ ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನ ಬಣ್ಣ ಕಟ್ಟಿ, ಅಂಥದೊಂದು ದಾರಿಯನ್ನು ತೋರಿಸಿದೆ.

ಮಾತ್ರೆ ಸೋತ ಕಥೆ

ಸಹವಾಸದಿಂದ ಸ್ವಭಾವ ಬದಲಾಗುವ ಈ ಪಾಠ ಅಡಿಕೆಗೆ ಸೀಮಿತವಲ್ಲ. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಹೃದಯರೋಗ ಮತ್ತು ಕೆಲವು ಬಗೆಯ ಕ್ಯಾನ್ಸರ್ ಕಡಿಮೆ ಎಂಬುದನ್ನು ಕಂಡ ವಿಜ್ಞಾನಿಗಳು, ಅವುಗಳಲ್ಲಿನ ಆಂಟಿ ಆಕ್ಸಿಡೆಂಟನ್ನೇ ಬೇರ್ಪಡಿಸಿ ಮಾತ್ರೆಯಾಗಿ ಕೊಟ್ಟರೆ ಹೇಗೆ ಎಂದು ಯೋಚಿಸಿದರು. ಫಿನ್‌ಲೆಂಡ್‌ನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂತು. ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಹಾಗೂ ಕಲ್ನಾರಿನ ಧೂಳಿಗೆ ಒಡ್ಡಿಕೊಂಡ ಕಾರ್ಮಿಕರಿಗೆ ಬೀಟಾ ಕೆರೋಟಿನ್ ಜತೆಗೆ ಎ ಜೀವಸತ್ವ ಕೊಟ್ಟು ನಡೆಸುತ್ತಿದ್ದ ಪ್ರಯೋಗದಲ್ಲಿ ಈ ಹೆಚ್ಚಳ ಶೇ 28ಕ್ಕೆ ಮುಟ್ಟಿದ್ದರಿಂದ 1996ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 35 ಸಾವಿರಕ್ಕೂ ಹೆಚ್ಚು ಪುರುಷರನ್ನು ಒಳಗೊಂಡ ಇನ್ನೊಂದು ಪ್ರಯೋಗದಲ್ಲಿ ಇ ಜೀವಸತ್ವದ ಮಾತ್ರೆ ಪ್ರಾಸ್ಟೇಟ್ ಕ್ಯಾನ್ಸರನ್ನು ಶೇ 17ರಷ್ಟು ಹೆಚ್ಚಿಸಿದ್ದು 2011ರಲ್ಲಿ ಬೆಳಕಿಗೆ ಬಂತು.

ಕಾರಣಗಳನ್ನು ಇನ್ನೂ ಚರ್ಚಿಸಲಾಗುತ್ತಿದೆ. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಅತಿಯಾದ ಬೀಟಾ ಕೆರೋಟಿನ್ ತಾನೇ ಉತ್ಕರ್ಷಣಗೊಂಡು ಹಾನಿಕರ ತುಣುಕುಗಳಾಗುತ್ತದೆ ಎಂಬುದು ಒಂದು ವಿವರಣೆ. ರೋಗಗ್ರಸ್ತ ಜೀವಕೋಶಗಳಿಗೂ ಆಂಟಿ ಆಕ್ಸಿಡೆಂಟ್ ರಕ್ಷಣೆ ಕೊಡುತ್ತದೆ ಎಂಬುದು ಇನ್ನೊಂದು. ವ್ಯಾಯಾಮ ಮಾಡುವವರಿಗೂ ಇಲ್ಲಿ ಪಾಠವಿದೆ. ಜರ್ಮನಿಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮದ ಜತೆಗೆ ಸಿ ಮತ್ತು ಇ ಮಾತ್ರೆ ಸೇವಿಸಿದವರಿಗೆ ಇನ್ಸುಲಿನ್ ಸಂಬಂಧಿತ ಲಾಭ ದಕ್ಕಲಿಲ್ಲ. ವ್ಯಾಯಾಮದಲ್ಲಿ ಹುಟ್ಟುವ ಅಲ್ಪ ಪ್ರಮಾಣದ ಫ್ರೀ ರಾಡಿಕಲ್‌ಗಳೇ ದೇಹದ ಸ್ವಂತ ಕಿಣ್ವಗಳನ್ನು ಎಚ್ಚರಿಸುವ ಗಂಟೆ. ಮಾತ್ರೆ ಆ ಗಂಟೆಯ ಸದ್ದನ್ನೇ ಅಡಗಿಸಿತ್ತು. ವಯಸ್ಸಾದವರ ಅಕ್ಷಿಪಟಲದ ಒಂದು ಬಗೆಯ ಸವೆತದಲ್ಲಿ ಸತು ಹಾಗೂ ಆಂಟಿ ಆಕ್ಸಿಡೆಂಟ್‌ಗಳ ನಿರ್ದಿಷ್ಟ ಮಿಶ್ರಣ ರೋಗದ ವೇಗ ತಗ್ಗಿಸುತ್ತದೆ ಎಂದು 2001ರಲ್ಲಿ ಸಾಬೀತಾಗಿದೆ. ಇಂಥ ಸಂದರ್ಭಗಳು ಬೆರಳೆಣಿಕೆಯಷ್ಟು. ಅವು ವೈದ್ಯರ ಚೀಟಿಯ ಮೇಲೆ ನಡೆಯಬೇಕಾದ ಚಿಕಿತ್ಸೆಗಳು.

ಡಬ್ಬಿಯ ಮೇಲಿನ ಅಂಕಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಯಾವ ಆಹಾರದಲ್ಲಿ ಆಂಟಿ ಆಕ್ಸಿಡೆಂಟ್ ಸಾಮರ್ಥ್ಯ ಎಷ್ಟೆಂದು ನಳಿಕೆಯಲ್ಲಿ ಅಳೆದು ಪಟ್ಟಿ ಮಾಡಿದ್ದ ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿತು. ನಳಿಕೆಯ ಅಂಕಿಗೂ ದೇಹದಲ್ಲಿನ ಪರಿಣಾಮಕ್ಕೂ ನೇರ ಸಂಬಂಧವಿಲ್ಲ, ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗಪಡಿಸಿಕೊಳ್ಳುತ್ತಿವೆ ಎಂಬುದು ಅದು ಕೊಟ್ಟ ಕಾರಣ.

ತಟ್ಟೆಯಲ್ಲಿ ಏನಿರಬೇಕು?

ಹಾಗಾದರೆ ನಾವು ಮಾಡಬೇಕಾದುದೇನು? ಇದಕ್ಕೆ ದುಬಾರಿ ಹಣ್ಣುಗಳನ್ನು ಅರಸಬೇಕಿಲ್ಲ. ಬೆಟ್ಟದ ನೆಲ್ಲಿಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವವಿದೆ. ಮುರುಗಲಿನ ಕೆಂಪು, ನೇರಳೆಯ ನೀಲಿ ಎರಡೂ ಆಂಥೋಸಯಾನಿನ್ ಎಂಬ ಪಾಲಿಫೀನಾಲ್‌ಗಳು. ಸೊರಬದ ಅನಾನಸ್‌ನಲ್ಲಿ ಸಿ ಜೀವಸತ್ವದ ಜತೆಗೆ ಕಿಣ್ವಕ್ಕೆ ಬೇಕಾದ ಮ್ಯಾಂಗನೀಸ್ ಕೂಡ ಇದೆ. ಕೆಂಪಕ್ಕಿಯ ಬಣ್ಣ ಮತ್ತು ಅದರ ಆಂಟಿ ಆಕ್ಸಿಡೆಂಟ್‌ಗಳೆರಡೂ ತೌಡಿನಲ್ಲಿರುವುದರಿಂದ ಗಿರಣಿಯಲ್ಲಿ ಅಕ್ಕಿಯನ್ನು ಪಾಲಿಶ್ ಮಾಡಿಸಿದಷ್ಟೂ ಅವು ನಷ್ಟವಾಗುತ್ತವೆ. ಒಂದೆಲಗದ ತಂಬುಳಿ, ಬಸಳೆ, ನುಗ್ಗೆಸೊಪ್ಪು, ಶುಂಠಿ, ಅರಿಸಿನ ಇವೆಲ್ಲ ಒಂದೊಂದು ಬಗೆಯ ಕಾವಲುಗಾರರನ್ನು ಒದಗಿಸುತ್ತವೆ. ಅರಿಸಿನದ ಕರ್ಕ್ಯುಮಿನ್ ದೇಹಕ್ಕೆ ಹೀರಿಕೆಯಾಗುವುದು ಅತ್ಯಲ್ಪ ಎಂಬುದನ್ನೂ ಮರೆಯುವಂತಿಲ್ಲ. ಯಾವುದೇ ಒಂದು ಪದಾರ್ಥ ಸಂಜೀವಿನಿಯಲ್ಲ. ಒಂದೇ ತಟ್ಟೆಯಲ್ಲಿ ಹಲವು ಬಣ್ಣ, ಹಲವು ರುಚಿ ಕೂಡಿದಾಗ ಅವು ಪರಸ್ಪರ ಪುಷ್ಟಿ ಕೊಡುತ್ತವೆ, ಇ ಜೀವಸತ್ವವನ್ನು ಸಿ ಜೀವಸತ್ವ ಮೇಲೆತ್ತುವಂತೆ.

ಇದಕ್ಕಿಂತ ಮೊದಲು ಆಗಬೇಕಾದುದು ದಾಳಿಯನ್ನು ತಗ್ಗಿಸುವ ಕೆಲಸ. ಸಿಗರೇಟಿನ ಹೊಗೆಯ ಒಂದೊಂದು ದಮ್ಮಿನಲ್ಲೂ ಕೋಟಿ ಕೋಟಿ ಫ್ರೀ ರಾಡಿಕಲ್‌ಗಳು ಶ್ವಾಸಕೋಶ ಸೇರುತ್ತವೆ. ಅದನ್ನು ಬಿಡದೆ ನೆಲ್ಲಿಕಾಯಿ ತಿಂದರೆ ಸೋರುವ ಮಡಕೆಗೆ ನೀರು ತುಂಬಿದಂತೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸದಿರುವುದು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಡುವುದು, ದಿನವೂ ನಡೆಯುವುದು, ದವಡೆಯಲ್ಲಿ ಪೊಟ್ಟಣ ಇಟ್ಟುಕೊಳ್ಳುವ ಚಟ ಬಿಡುವುದು ಇವು ಖರ್ಚಿಲ್ಲದ ಉಪಾಯಗಳು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡುಬಂದರೆ ತಡ ಮಾಡದೆ ದಂತವೈದ್ಯರಿಗೆ ತೋರಿಸಬೇಕು.

ನಗರದ ಓದುಗರು ಮುಂದಿನ ಬಾರಿ ಅಂಗಡಿಯಲ್ಲಿ ಆಂಟಿ ಆಕ್ಸಿಡೆಂಟ್ ಎಂದು ಬರೆದ ಡಬ್ಬಿ ಎತ್ತಿಕೊಂಡಾಗ, ತಮಗೆ ನಿಜವಾಗಿ ಕೊರತೆಯಿರುವುದು ಯಾವುದರದು ಎಂದು ಒಮ್ಮೆ ಕೇಳಿಕೊಳ್ಳುವುದು ಒಳಿತು. ಶಿಕಾರಿಪುರ, ಸೊರಬದ ಹೈನುಗಾರರಿಗೂ ಬೇಸಿಗೆಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಬಣವೆ ಎಷ್ಟು ಎತ್ತರವಿದೆ ಎಂದು ನೋಡುವಾಗ, ಅದರ ಪಕ್ಕದಲ್ಲಿ ಒಂದು ಸಾಲು ಹಸಿರಿದೆಯೆ ಎಂಬುದನ್ನೂ ನೋಡಬೇಕು.